ಸಂಪಿಗೆ ಎಲೆ ಬಿಳಿಚಿದ್ದಕ್ಕೆ ಕಾರಣ ಮಣ್ಣಿನಡಿ ಸಿಕ್ಕಿತು

ಬದಿಯಡ್ಕ ಹತ್ರ ನಮ್ಮ ಮನೆ, ಅಂಗಳದ ಬದಿಯಲ್ಲಿ ಅಮ್ಮ ನೆಟ್ಟ ಸಂಪಿಗೆ ಉಂಟು. ಹೊಸ ಮನೆ ಕಟ್ಟಿ ಎರಡು ವರ್ಷ ಆಗುವಾಗ ಅದರ ಎಲೆ ಬಿಳಿಚಿಕೊಳ್ಳಲಿಕ್ಕೆ ಶುರುವಾಯ್ತು, ಗೆಲ್ಲಿನ ತುದಿಯಲ್ಲಿ ನಾಲ್ಕೈದು ಎಲೆ ಅಷ್ಟೆ, ಅಡಿಯಲ್ಲಿ ನಿಂತು ನೋಡಿದ್ರೆ ಆಕಾಶವೇ ಕಾಣ್ತಿತ್ತು. ಹಟ್ಟಿಗೊಬ್ಬರ ಹಾಕಿದೆ, ಆಮೇಲೆ ಯೂರಿಯಾ ಹಾಕಿದೆ, ಎಂತ ಪ್ರಯೋಜನವೂ ಆಗ್ಲಿಲ್ಲ. ಮಾವ ಬಂದವರು "ಅಡಿಕೆಗೆ ಹಾಕುವ ಹಾಗೆ ಇದಕ್ಕೂ ಸುಣ್ಣ ಹಾಕು ಮಾರಾಯ" ಅಂದ್ರು. ನಮ್ಮ ಮುರಕಲ್ಲು ಮಣ್ಣಿಗೆ ಹುಳಿ ಜಾಸ್ತಿ, ತೋಟಕ್ಕೆ ಆ ಮಾತು ಸರಿಯೇ. ಆದ್ರೂ ಹಾಕುವ ಮೊದಲು ಎಲೆ ಒಮ್ಮೆ ಸರಿಯಾಗಿ ನೋಡುವ ಅನಿಸ್ತು.

ಹಳೇ ಎಲೆ ಇನ್ನೂ ಹಸಿರು, ಚಿಗುರು ಮಾತ್ರ ಹಳದಿ, ಅದರಲ್ಲೂ ನರಗಳು ಹಸಿರಾಗಿ ಬಲೆ ಹರಡಿದ ಹಾಗೆ. ಸಾರಜನಕ ಕಡಿಮೆಯಾದ್ರೆ ಮೊದಲು ಹಳೇ ಎಲೆ ಹಳದಿಯಾಗ್ತದೆ, ಯಾಕಂದ್ರೆ ಗಿಡ ಅದನ್ನು ಅಲ್ಲಿಂದ ಎಳೆದು ಚಿಗುರಿಗೆ ಕೊಡ್ತದೆ. ಕಬ್ಬಿಣವನ್ನು ಹಾಗೆ ಎಳೆಯಲಿಕ್ಕೆ ಆಗುವುದಿಲ್ಲ, ಹಾಗಾಗಿ ಅದು ಸಿಗದಿದ್ರೆ ಚಿಗುರೇ ಮೊದಲು ಬಿಳಿಚುವುದು. ಆದ್ರೆ ಮುರಕಲ್ಲು ಕೆಂಪಿರುವುದೇ ಕಬ್ಬಿಣದಿಂದ, ಇಲ್ಲಿ ಕಬ್ಬಿಣಕ್ಕೆ ಬರವಾ? ಎರಡು ದಿನ ಅದೇ ತಲೆಯಲ್ಲಿ.

ಪಿಕ್ಕಾಸು ಹಿಡ್ಕೊಂಡು ಬುಡದಿಂದ ಎರಡಡಿ ದೂರ ಅಗೆದೆ. ಅರ್ಧ ಅಡಿಗೇ ಟಣ್ ಅಂತು. ಸಾರಣೆಯ ತುಂಡುಗಳು, ಗೋಣಿ ಸಮೇತ ಗಟ್ಟಿಯಾದ ಸಿಮೆಂಟು, ಕೆಲಸ ಮುಗಿಸಿದವರು ಉಳಿದದ್ದನ್ನೆಲ್ಲ ಮರದ ಬುಡಕ್ಕೇ ಸುರಿದು ಮೇಲೆ ಕೆಂಪುಮಣ್ಣು ಎಳೆದು ಹೋಗಿದ್ರು. ನನಗೆ ನಿಜಕ್ಕೂ ಹೊಟ್ಟೆ ಉರೀತು. ಆ ಮಣ್ಣನ್ನು ಗ್ಲಾಸಿಗೆ ಹಾಕಿ ವಿನೆಗರ್ ಬಿಟ್ಟೆ, ಸೋಡಾದ ಹಾಗೆ ನೊರೆ ಬಂತು, ತೋಟದ ಮಣ್ಣಿಗೆ ಬಿಟ್ರೆ ಒಂದು ಗುಳ್ಳೆಯೂ ಇಲ್ಲ. ಸಿಮೆಂಟಿನ ಸುಣ್ಣ ಸೇರಿದ ಜಾಗದಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಅದರ ಮೇಲೆ ನಾನು ಇನ್ನೂ ಸುಣ್ಣ ಹಾಕುವವನಿದ್ದೆ!

ಖಾತ್ರಿ ಮಾಡ್ಲಿಕ್ಕೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಅಂದ್ರೆ ಕಬ್ಬಿಣದ ಉಪ್ಪು, ನಾಲ್ಕು ಹನಿ ಲಿಂಬೆರಸ ಸೇರಿಸಿ, ಒಂದೇ ಎಲೆಯ ಅರ್ಧಕ್ಕೆ ಬ್ರಷಲ್ಲಿ ಹಚ್ಚಿ ಗುರುತಿಗೆ ನೂಲು ಕಟ್ಟಿದೆ. ಹತ್ತು ದಿನ ಕಳೆದು ನೋಡಿದ್ರೆ ಹಚ್ಚಿದ ಅರ್ಧ ಹಸಿರು, ಮತ್ತರ್ಧ ಹಾಗೇ ಹಳದಿ. ಅಮ್ಮನನ್ನು ಕರೆದು ತೋರಿಸಿದೆ.

ಆಮೇಲೆ ಬೇರಿಗೆ ಪೆಟ್ಟಾಗದ ಹಾಗೆ ಕೈಯಲ್ಲೇ ಕೆದಕಿ ಹನ್ನೆರಡು ಬುಟ್ಟಿ ಸಿಮೆಂಟು ತೆಗೆದೆ, ತೋಟದ ಮಣ್ಣು ತುಂಬಿಸಿ ಕಾಂಡಕ್ಕೆ ತಾಗದ ಹಾಗೆ ತರಗೆಲೆ ಹಾಸಿದೆ. ಬುಡಕ್ಕೆ ಇಡಿಡಿಎಚ್‌ಎ ಕಬ್ಬಿಣ ಕೊಟ್ಟೆ, ಅಂದ್ರೆ ಸುಣ್ಣದ ಮಣ್ಣಲ್ಲೂ ಬೇರಿಗೆ ಸಿಗುವ ಹಾಗೆ ಮಾಡಿದ ಕಬ್ಬಿಣದ ಗೊಬ್ಬರ, ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಇಡಿಟಿಎ ಎಂಬ ಬಗೆಯ ಕಬ್ಬಿಣ ಸುಣ್ಣದ ಮಣ್ಣಲ್ಲಿ ನಿಲ್ಲುವುದಿಲ್ಲ, ಕೇಳಿ ನೋಡಿ ತಗೊಳ್ಳಿ. ಈಗ ಚಿಗುರು ಹಸಿರಾಗಿ ಬರ್ತಾ ಉಂಟು, ಅಂಗಳದ ಬದಿಯ ಗೆಲ್ಲು ಮಾತ್ರ ಇನ್ನೂ ಬೋಳು. ಆ ಬದಿ ಇಂಟರ್‌ಲಾಕ್ ಹಾಕಿದ್ದು, ಮಳೆ ಹಿಡಿಯುವ ಮೊದಲು ಅದನ್ನೂ ಎಬ್ಬಿಸಿ ಅಡಿಯಲ್ಲಿ ಎಂತ ಉಂಟು ನೋಡ್ಬೇಕು.