ಕೇಳಲಿ ಅಂತ ಕಾಯಬೇಡಿ ಡಾಕ್ಟ್ರೇ

ನಾನು ನರ್ಸ್. ಕ್ಲಿನಿಕ್‌ನಲ್ಲಿ ಲಸಿಕೆ ಇಡುವ ಫ್ರಿಜ್ಜಿನ ಜವಾಬ್ದಾರಿ ನನ್ನದು. 2023ರ ಕೊನೆಯಲ್ಲಿ ಹೊಸ ಕೋವಿಡ್ ಬೂಸ್ಟರ್ ಬಂತು. ಕೊರೊನಾ ವೈರಸ್ಸಿನ ಎಕ್ಸ್‌ಬಿಬಿ.1.5 ಅನ್ನೋ ತಳಿಗೆ ಹೊಂದುವಂತೆ ಮಾಡಿದ್ದು. ದಿನಕ್ಕೆ ಎರಡು ಸಲ ಫ್ರಿಜ್ಜಿನ ಉಷ್ಣತೆ ನೋಡಿ ಬರೆದಿಡುತ್ತಿದ್ದೆ. ಆದರೆ ಮೊದಲ ವಾರ ಲಸಿಕೆ ಕೊಟ್ಟಿದ್ದು ನಾಲ್ಕೇ ಜನಕ್ಕೆ. ಆ ವಾರ ಬಂದುಹೋದ ವಯಸ್ಸಾದವರೋ, ಲೆಕ್ಕವಿಲ್ಲ.

ಜನಕ್ಕೆ ಬೇಡವಾಗಿದೆ ಅಂದುಕೊಂಡಿದ್ದೆ. ಒಂದು ದಿನ ಒಬ್ಬ ಅಜ್ಜಿಗೆ ಬಿಪಿ ನೋಡುತ್ತಾ, "ಬೂಸ್ಟರ್ ಆಯ್ತಾ ಅಜ್ಜಿ?" ಅಂದೆ. ಶುಗರ್ ಇರುವವರು, ಎಪ್ಪತ್ತು ದಾಟಿದೆ. "ಡಾಕ್ಟ್ರು ಏನೂ ಹೇಳಲಿಲ್ವಲ್ಲ. ಅಂದ್ಮೇಲೆ ನಂಗೆ ಬೇಕಾಗಿಲ್ಲ ಅಂತ ತಾನೇ?" ಅಂದರು. ಸಂಜೆ ಡಾಕ್ಟರ ಹತ್ತಿರ ಈ ಮಾತು ಎತ್ತಿದೆ. "ಕೇಳಿದ್ರೆ ಕೊಡ್ತೀನಲ್ಲ ಸಿಸ್ಟರ್, ಯಾರಿಗೆ ಬೇಡ ಅಂದಿದ್ದೀನಿ?" ಅಂದರು. ಇವರು ಕೇಳಲಿ ಅಂತ ಅವರು, ಅವರು ಹೇಳಲಿ ಅಂತ ಇವರು. ನಡುವೆ ಲಸಿಕೆ ಫ್ರಿಜ್ಜಿನಲ್ಲೇ ಕೂತಿತ್ತು.

ಡಾಕ್ಟರುಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡಿದೆ. ಲಸಿಕೆಯ ಮೇಲೆ ಅಪನಂಬಿಕೆ ಇದ್ದವರು ಒಬ್ಬರೂ ಇರಲಿಲ್ಲ. ಮೂರು ವರ್ಷ ವಾದ ಮಾಡಿ ಸುಸ್ತಾಗಿದ್ದರು, ಅಷ್ಟೇ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತು ಅಂತ ಹೇಳಿತ್ತಲ್ಲ, ಇನ್ನು ಆ ವಿಷಯ ಯಾಕೆ ಅನ್ನೋ ಭಾವನೆಯೂ ಇತ್ತು. ತುರ್ತು ಮುಗಿದಿತ್ತು, ವೈರಸ್ ಹೋಗಿರಲಿಲ್ಲ. ಅದು ರೂಪ ಬದಲಿಸುತ್ತಲೇ ಇತ್ತು. ಹಳೆಯ ಡೋಸ್ ಕೊಟ್ಟ ರಕ್ಷಣೆ ಕೆಲವೇ ತಿಂಗಳಲ್ಲಿ ಇಳಿಯುತ್ತಾ ಬರುತ್ತದೆ. ವಯಸ್ಸಾದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಸಣ್ಣ ಮಾತಲ್ಲ.

ನಾನು ಮೊದಲು ಹಿಡಿದುಕೊಂಡಿದ್ದು ಮಾತಿನ ಧಾಟಿಯನ್ನು. ಮಕ್ಕಳ ಲಸಿಕೆ ಬಗ್ಗೆ ಡಾಕ್ಟರ್ ಮತ್ತು ಪೋಷಕರ ಮಾತುಕತೆಯನ್ನು ವಿಡಿಯೊ ಮಾಡಿ ಗಮನಿಸಿದ ಒಂದು ಅಧ್ಯಯನ 2013ರಲ್ಲಿ ಬಂದಿತ್ತು. "ಏನ್ ಮಾಡೋಣ ಅಂತೀರಿ?" ಅಂತ ಶುರು ಮಾಡಿದಾಗ ಬೇಡ ಅಂದವರು ಜಾಸ್ತಿ. "ಇವತ್ತು ಈ ಲಸಿಕೆ ಹಾಕಬೇಕು" ಅಂತ ನೇರವಾಗಿ ಶುರು ಮಾಡಿದಾಗ ಒಪ್ಪಿದವರು ಜಾಸ್ತಿ. ನಮ್ಮ ಡಾಕ್ಟರುಗಳಿಗೂ ಇದನ್ನೇ ಹೇಳಿದೆ. "ಬೂಸ್ಟರ್ ಬೇಕಾ?" ಅನ್ನಬೇಡಿ. "ಹಿಂದಿನ ಡೋಸ್ ಆಗಿ ವರ್ಷ ದಾಟಿದೆ, ಇವತ್ತು ಬೂಸ್ಟರ್ ಹಾಕಿಸಿಬಿಡೋಣ. ಏನಾದ್ರೂ ಕೇಳೋದಿದ್ಯಾ?" ಅನ್ನಿ. ಆ ಕೊನೆಯ ಪ್ರಶ್ನೆ ಬಿಡಲೇಬಾರದು. ಅದಿಲ್ಲದಿದ್ದರೆ ಒತ್ತಾಯ ಆಗುತ್ತದೆ. ಬೇಡ ಅಂದವರಿಗೆ ಸರಿ ಅಂದು, ಮುಂದಿನ ಸಲ ಮತ್ತೆ ವಿಚಾರಿಸಿದರಾಯಿತು.

ಒಬ್ಬ ಡಾಕ್ಟರಿಗೆ, ಲಸಿಕೆಯಿಂದ ಹೃದಯಕ್ಕೆ ತೊಂದರೆಯಾಗುತ್ತಾ ಅನ್ನೋ ಪ್ರಶ್ನೆಯೇ ಭಯ. "ಯಾರಾದ್ರೂ ಕೇಳಿದ್ರೆ ಅರ್ಧ ಗಂಟೆ ಹೋಗುತ್ತೆ" ಅನ್ನುತ್ತಿದ್ದರು. ಇಬ್ಬರೂ ಕೂತು ಮೂರು ವಾಕ್ಯ ಬರೆದೆವು. ನಮ್ಮ ಬೂಸ್ಟರಿನಂಥ ಎಂಆರ್‌ಎನ್‌ಎ ಬಗೆಯ ಲಸಿಕೆಯಿಂದ ಹೃದಯದ ಸ್ನಾಯು ಊದಿಕೊಳ್ಳುವುದು ನಿಜ, ಆದರೆ ತೀರಾ ಅಪರೂಪ. ಕಂಡಿದ್ದು ಹೆಚ್ಚಾಗಿ ಹರೆಯದ ಹುಡುಗರಲ್ಲಿ, ಅದರಲ್ಲೂ ಎರಡನೇ ಡೋಸ್ ಆದ ಮೇಲೆ. ಕೋವಿಡ್ ಕಾಯಿಲೆಯಿಂದಲೂ ಅದು ಬರಬಹುದು. ಮುಚ್ಚಿಡದೆ ಹೇಳಿದಾಗ ಜನ ಸಮಾಧಾನವಾಗಿ ಕೇಳಿಸಿಕೊಂಡರು.

ನಾನು ಊಹಿಸದೇ ಇದ್ದ ಅಡ್ಡಿ ಅಂದರೆ ಲಸಿಕೆಯ ಸೀಸೆ. ನಮಗೆ ಬರುತ್ತಿದ್ದ ಒಂದು ಸೀಸೆಯಲ್ಲಿ 6 ಡೋಸ್. ಒಮ್ಮೆ ಸೂಜಿ ಚುಚ್ಚಿದರೆ 12 ಗಂಟೆಯೊಳಗೆ ಮುಗಿಯಬೇಕು, ಉಳಿದಿದ್ದನ್ನು ಚೆಲ್ಲಬೇಕು. ಹಿಂದೊಮ್ಮೆ ಒಬ್ಬರಿಗೋಸ್ಕರ ಸೀಸೆ ತೆರೆದಾಗ ಐದು ಡೋಸ್ ಹಾಳಾಯಿತು ಅಂತ ನಾನೇ ಬೇಸರ ಮಾಡಿಕೊಂಡಿದ್ದೆ. ಡಾಕ್ಟರು ಅದನ್ನು ಮರೆತಿರಲಿಲ್ಲ. ಸಂಜೆ ಹೊತ್ತು ಯಾರಿಗೂ ಲಸಿಕೆಯ ಹೆಸರನ್ನೇ ಎತ್ತುತ್ತಿರಲಿಲ್ಲ. ಇದು ಗೊತ್ತಾದ ದಿನವೇ ಅವರಿಗೆ ಹೇಳಿದೆ: ಒಬ್ಬರೇ ಇದ್ದರೂ ತೆರೆಯೋಣ. ಮನೆಗೆ ಕಳಿಸಿದರೆ ಎಷ್ಟೋ ಜನ ವಾಪಸ್ ಬರುವುದೇ ಇಲ್ಲ. ಇವತ್ತು ಆಗದು ಅನ್ನುವವರಿಗೆ ಮಾತ್ರ ಗುರುವಾರ ಅಂತ ನಿಗದಿ ಮಾಡಿ, ಹೆಸರು ಬರೆದುಕೊಂಡು, ಹಿಂದಿನ ದಿನ ಫೋನ್ ಮಾಡುತ್ತಿದ್ದೆ. ಫ್ಲೂ ಲಸಿಕೆಗೆ ಬಂದವರಿಗೂ ಅವತ್ತೇ ಇನ್ನೊಂದು ತೋಳಿಗೆ ಇದನ್ನು ಹಾಕಬಹುದು. ಹಾಗಾಗಿ ಗುರುವಾರ ಸೀಸೆ ಖಾಲಿಯಾಗುವುದು ಕಷ್ಟವಾಗಲಿಲ್ಲ.

ಬೆಳಿಗ್ಗೆ ಫೈಲ್ ತೆಗೆಯುವಾಗಲೇ ಕೊನೆಯ ಡೋಸ್‌ನ ತಾರೀಖನ್ನು ಹಳದಿ ಚೀಟಿಯಲ್ಲಿ ಬರೆದು ಮೇಲೆ ಅಂಟಿಸುತ್ತೇನೆ. ಡಾಕ್ಟರು ಹುಡುಕುವ ಹಾಗಿಲ್ಲ. ಅವರು ಒಂದು ಮಾತು ಹೇಳಿದರೆ ಸಾಕು, ಮುಂದಿನದು ನಮ್ಮ ಕೆಲಸ: ಹಿಂದೆ ಅಲರ್ಜಿ ಆಗಿತ್ತಾ ಅಂತ ಕೇಳುವುದು, ಸೂಜಿ ಹಾಕುವುದು, 15 ನಿಮಿಷ ಕೂರಿಸಿಕೊಳ್ಳುವುದು.

ಅಜ್ಜಿ ಮುಂದಿನ ತಿಂಗಳು ಬಂದರು. ಒಳಗಿನಿಂದ ಡಾಕ್ಟರು ಕೂಗಿ ಹೇಳಿದರು, "ಸಿಸ್ಟರ್, ಇವರಿಗೆ ಬೂಸ್ಟರ್." ಅಜ್ಜಿ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡೇ ಹೊರಗೆ ಬಂದರು. "ನೋಡು, ಈಗ ಡಾಕ್ಟ್ರು ಹೇಳಿದ್ರು" ಅಂದರು.

2024ರಲ್ಲಿ ಜೆಎನ್.1 ಅನ್ನೋ ತಳಿಗಳ ಗುಂಪಿಗೆ ಹೊಂದಿಸಿದ ಲಸಿಕೆ ಬಂದಾಗ ಡಾಕ್ಟರುಗಳೇ ಮೊದಲು ತೋಳು ಚಾಚಿದರು. ಗರ್ಭಿಣಿಯರ ಫೈಲ್‌ಗೆ ಮಾತ್ರ ಇನ್ನೂ ಚೀಟಿ ಬಿಟ್ಟುಹೋಗುತ್ತಿದೆ. ಅವರು ಬರುವುದು ಬೇರೆ ದಿನ, ಬೇರೆ ಕೋಣೆಗೆ. ಈ ವಾರದಿಂದ ಆ ಕೋಣೆಯ ಮೇಜಿನ ಮೇಲೂ ಒಂದು ಕಟ್ಟು ಹಳದಿ ಚೀಟಿ ಇಟ್ಟಿದ್ದೇನೆ.