ತೋಟದ ಮನೆಯ ಅಜ್ಜಿಯನ್ನು ನೋಡಲು ಹೋದಾಗ ಏನೇನು ಗಮನಿಸಬೇಕು?

ಕೊಡಗಿನಲ್ಲಿ ಪಕ್ಕದ ಮನೆ ಅಂದರೆ ಎಷ್ಟೋ ಕಡೆ ಒಂದು ತೋಟ, ಒಂದು ತೋಡು ದಾಟಿ ಹೋಗಬೇಕು. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಫೋನೂ ಹೋಯಿತು. ಒಳಗೆ ಯಾರಾದರೂ ಕೂಗಿದರೆ ಕೇಳುವುದು ನಾಯಿಗೆ ಮಾತ್ರ. ಹಿರಿಯರ ಮೇಲೆ ದೌರ್ಜನ್ಯ ನಡೆಯಲು ಈ ಒಂಟಿತನವೇ ದೊಡ್ಡ ಅನುಕೂಲ. ಜಗತ್ತಿನಲ್ಲಿ 60 ದಾಟಿದ ಸುಮಾರು 6 ಜನರಲ್ಲಿ ಒಬ್ಬರು ಒಂದು ವರ್ಷದಲ್ಲಿ ಇಂಥದ್ದನ್ನು ಅನುಭವಿಸುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಡೆತ ಮಾತ್ರ ಅಲ್ಲ. ಬೈಗುಳ, ಹೊತ್ತಿಗೆ ಮಾತ್ರೆ ಕೊಡದಿರುವುದು, ದುಡ್ಡು ಕಿತ್ತುಕೊಳ್ಳುವುದು ಎಲ್ಲ ಸೇರಿ.

ಮೊದಲು ನೋಡಬೇಕಾದದ್ದು, ಆ ಮನೆಯಲ್ಲಿ ಯಾರು ಯಾರ ದುಡ್ಡಲ್ಲಿ ಬದುಕುತ್ತಿದ್ದಾರೆ ಅಂತ. ಮುದುಕರು ಮಕ್ಕಳಿಗೆ ಭಾರ, ಅದಕ್ಕೇ ಜಗಳ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಮನೆಗಳಲ್ಲಿ ಅದು ಉಲ್ಟಾ. ನಲವತ್ತೈದರ ಮಗ, ಕೆಲಸ ಇಲ್ಲ, ಸಂಜೆಯಾದರೆ ಬಾಟಲಿ ಬೇಕು, ನಡೆಯುತ್ತಿರುವುದು ಅಪ್ಪನ ಮಿಲಿಟರಿ ಪಿಂಚಣಿಯಲ್ಲಿ. ಕುಡಿತ ಮತ್ತು ಹಿರಿಯರ ದುಡ್ಡಿನ ಮೇಲೆ ಬದುಕುವುದು, ಇವೆರಡೂ ಒಟ್ಟಿಗೆ ಕಂಡರೆ ಕಿವಿ ನೆಟ್ಟಗಾಗಬೇಕು. ಹಾಗಾಗಿ ಸುಮ್ನೆ ಮಾತಿನ ಮಧ್ಯೆ ಕೇಳಿ: ಈ ಸಲ ಕಾಫಿ, ಕರಿಮೆಣಸು ಮಾರಿದ್ದು ಯಾರು? ದುಡ್ಡು ಯಾರ ಖಾತೆಗೆ ಬಂತು? ಎಟಿಎಂ ಕಾರ್ಡ್ ಯಾರ ಜೇಬಲ್ಲಿದೆ? ವರ್ಷವಿಡೀ ಹೊರಗೆ ಕಾಣದ ಅಜ್ಜ ಪಿಂಚಣಿಯ ಜೀವನ ಪ್ರಮಾಣ ಪತ್ರಕ್ಕೆ ಮಾತ್ರ ಇಸ್ತ್ರಿ ಶರ್ಟ್ ಹಾಕಿಕೊಂಡು ಜೀಪಿನಲ್ಲಿ ಬಂದರೆ, ಅದೂ ಒಂದು ಸುಳಿವೇ.

ಎರಡನೆಯದು ಆರೋಗ್ಯ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ. ಆದರೆ ನೋಡಿಕೊಳ್ಳುತ್ತಿರುವವರನ್ನೂ ಒಮ್ಮೆ ನೋಡಿ. ರಾತ್ರಿ ನಾಲ್ಕು ಸಲ ಎದ್ದು, ಬೆಳಿಗ್ಗೆ ಕೊಯ್ಲಿನ ಆಳುಗಳಿಗೆ ತಿಂಡಿ ಮಾಡುವ ಸೊಸೆ ಒಂದು ದಿನ ಕಿರುಚಿದರೆ ಅವಳನ್ನು ಖಳನಾಯಕಿ ಮಾಡಬೇಡಿ. ಹಾಗಂತ ಕಿರುಚಿದ್ದು ಸರಿ ಅಂತಲ್ಲ. ಎರಡು ದಿನ ನೀವು ಬಂದು ಕೂತರೆ ಅಲ್ಲಿ ಅರ್ಧ ಸಮಸ್ಯೆ ಇಳಿಯಬಹುದು. ಬುದ್ಧಿಮಾತಿನಿಂದ ಇಳಿಯುವುದಿಲ್ಲ.

ಮೂರನೆಯದು, ಒಬ್ಬರನ್ನೇ ಮಾತಾಡಿಸಿ. ಇದೇ ಕಷ್ಟದ ಕೆಲಸ. ಮನೆಯವರು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ಕೂರುತ್ತಾರೆ. 'ಕಣದ ಹತ್ತಿರ ಬಿಸಿಲಿದೆ, ಬನ್ನಿ ಅಜ್ಜಿ' ಅಂತ ಹೊರಗೆ ಕರೆದುಕೊಂಡು ಹೋಗಿ. 'ಹೊಡೀತಾರಾ?' ಅಂತ ಶುರು ಮಾಡಬೇಡಿ, ಮಗನ ಮಾನ ಹೋಗುತ್ತದೆ ಅಂತ ಇಲ್ಲ ಅಂದೇ ಅನ್ನುತ್ತಾರೆ. ಪೇಟೆಗೆ ಹೋಗಿ ಎಷ್ಟು ದಿನ ಆಯಿತು, ಕಿವಿಯ ಮಿಷನ್ ಯಾಕೆ ಹಾಕಿಲ್ಲ, ಫೋನ್ ಎಲ್ಲಿ, ಇಂಥ ಸಣ್ಣ ಪ್ರಶ್ನೆ ಸಾಕು. ಕೈ ಮೇಲೆ ನೀಲಿ ಗುರುತು ಕಂಡ ಕೂಡಲೇ ತೀರ್ಮಾನವೂ ಬೇಡ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಸಣ್ಣ ಏಟಿಗೂ ಹಾಗಾಗುತ್ತದೆ. ಆದರೆ ಕೇಳಿದಾಗಲೆಲ್ಲ ಕಾರಣ ಬದಲಾಗುತ್ತಿದ್ದರೆ ನೆನಪಿಟ್ಟುಕೊಳ್ಳಿ.

ಆಸ್ತಿ ವಿಷಯ ಇದ್ದರೆ ಅವಸರ ಬೇಡ. ಮಕ್ಕಳಿಗೆ ದಾನಪತ್ರ ಮಾಡುವಾಗ 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಅದರಲ್ಲೇ ಬರೆಸಿ. ಆಮೇಲೆ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ಪತ್ರ ರದ್ದು ಮಾಡಿ ಅಂತ ಕೇಳಬಹುದು. ಜೀವನಾಂಶದ ಅರ್ಜಿಯನ್ನು ಮಡಿಕೇರಿಯ ಉಪವಿಭಾಗಾಧಿಕಾರಿ ಕಚೇರಿಗೆ ಕೊಡಬೇಕು.

ಕೊನೆಗೆ, ಜಗಳ ಮಾಡಿ ಜೀಪ್ ಹತ್ತಿ ಹೋಗಬೇಡಿ. ನೀವು ಗೇಟು ದಾಟಿದ ಮೇಲೆ ಆ ರಾತ್ರಿ ಅಲ್ಲಿ ಉಳಿಯುವುದು ಅಜ್ಜಿ. ಈಗಲೇ ಅಪಾಯ ಅನ್ನಿಸಿದರೆ 112. ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿ 14567. ಎರಡೂ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಜ್ಜಿಯ ಎಲೆಯಡಿಕೆ ಡಬ್ಬಿಯೊಳಗೆ ಇಡಿ, ಮತ್ತೆ ಯಾವ ದಿನ ಬರುತ್ತೀರಿ ಅಂತ ಮನೆಯವರೆಲ್ಲರ ಎದುರಿಗೇ ಹೇಳಿ ಹೊರಡಿ.