ಒಂದೇ ಸುದ್ದಿ, ಮೂರು ಪರ್ಷಿಯನ್: ವಾರ್ತೆ ಕೇಳಿಸಿ ಭಾಷೆ ಕಲಿಸುವ ಬಗೆ

ಪರ್ಷಿಯನ್ ಕಲಿಸಲು ಹೊರಟವರಿಗೆ ಮೊದಲ ತಲೆನೋವು ‘ಯಾವ ಪರ್ಷಿಯನ್?’ ಎಂಬುದು. ಇರಾನಿನಲ್ಲಿ ಫಾರ್ಸಿ, ಅಫ್ಗಾನಿಸ್ತಾನದಲ್ಲಿ ದರಿ, ತಾಜಿಕಿಸ್ತಾನದಲ್ಲಿ ತಾಜಿಕಿ. ಪಠ್ಯಪುಸ್ತಕಗಳು ಬಹುಪಾಲು ತೆಹ್ರಾನಿನ ಭಾಷೆಯನ್ನಷ್ಟೇ ಹೇಳಿಕೊಟ್ಟು ಕೈತೊಳೆದುಕೊಳ್ಳುತ್ತವೆ. ಅದನ್ನು ನೆಚ್ಚಿಕೊಂಡವರು ಮೈಸೂರಿಗೆ ಓದಲು ಬಂದ ಕಾಬೂಲಿನ ಹುಡುಗನ ಜತೆ ಮಾತಿಗೆ ಕೂತರೆ ಅರ್ಧದಲ್ಲೇ ತಡವರಿಸುತ್ತಾರೆ. ಮೂರೂ ನಾಡಿನ ರೇಡಿಯೊ, ಟಿ.ವಿ. ಸುದ್ದಿ ಈಗ ಮೊಬೈಲಿನಲ್ಲೇ ಸಿಗುತ್ತದೆ. ವಾರ್ತೆ ಓದುವ ಭಾಷೆ ಮೂರೂ ಕಡೆ ಹತ್ತಿರ ಹತ್ತಿರ ಇರುತ್ತದೆ, ಬೀದಿಗೆ ಇಳಿದಂತೆಲ್ಲ ದೂರವಾಗುತ್ತದೆ. ಪಾಠವೂ ಅದೇ ದಾರಿಯಲ್ಲಿ ಇಳಿಯಲಿ. ಸಿನಿಮಾ, ಧಾರಾವಾಹಿಯಿಂದ ಶುರುಮಾಡುವುದು ನನಗಂತೂ ಒಪ್ಪಿಗೆಯಿಲ್ಲ.

ತುಣುಕು ಆರಿಸುವುದು

ಎರಡು ನಿಮಿಷದ ತುಣುಕು ಸಾಕು. ಇರಾನಿನ ಭಾಷೆಗೆ ಬಿಬಿಸಿ ಪರ್ಷಿಯನ್ ಅಥವಾ ರೇಡಿಯೊ ಫರ್ದಾ, ದರಿಗೆ ಕಾಬೂಲಿನ ಟೋಲೊ ನ್ಯೂಸ್ ಅಥವಾ ರೇಡಿಯೊ ಆಜಾದಿ, ತಾಜಿಕಿಗೆ ರೇಡಿಯೊ ಒಜೋದಿ. (1940ರಲ್ಲಿ ಶುರುವಾದ ಬಿಬಿಸಿ ಪರ್ಷಿಯನ್ ರೇಡಿಯೊ 2023ರಲ್ಲಿ ನಿಂತಿತು, ಟಿ.ವಿ. ಮತ್ತು ವೆಬ್‌ಸೈಟ್ ಉಳಿದಿವೆ.) ಹಳೆಯ ತುಣುಕಾದರೂ ಅಡ್ಡಿಯಿಲ್ಲ. ಆದರೆ ಪ್ರತಿ ವಾಹಿನಿಯ ಹಿಂದೆಯೂ ಒಂದು ಸರ್ಕಾರವೋ ದುಡ್ಡು ಹಾಕುವ ಧಣಿಯೋ ಇರುತ್ತಾರೆಂದು ಮೊದಲೇ ಹೇಳಿಬಿಡಿ. ಅದಕ್ಕೇ ಮೊದಲ ವಾರಗಳಿಗೆ ಹವಾಮಾನ ವರದಿ ವಾಸಿ: ಮಳೆಗೆ ಪಕ್ಷವಿಲ್ಲ. ‘ಬಾರಾನ್’ (ಮಳೆ), ‘ಬರ್ಫ್’ (ಹಿಮ) ಎಂಬ ಪದಗಳು ದಿನವೂ ಬರುತ್ತವೆ, ಊರ ಹೆಸರುಗಳೂ ಕಿವಿಗೆ ಕೂರುತ್ತವೆ.

ಬರಹ ಮುಚ್ಚಿಟ್ಟು ಕೇಳಿಸುವುದು

ಮೊದಲ ಸಲ ಊರು, ಅಂಕಿ, ತಿಂಗಳು ಇಷ್ಟನ್ನೇ ಬರೆದುಕೊಳ್ಳಲು ಹೇಳಿ. ತಿಂಗಳ ಹೆಸರು ಬಿದ್ದ ಕೂಡಲೇ ಯಾವ ನಾಡಿನ ವಾರ್ತೆಯೆಂದು ಗೊತ್ತಾಗುತ್ತದೆ. ಇರಾನಿನಲ್ಲಿ ವರ್ಷದ ಮೊದಲ ತಿಂಗಳು ಫರ್ವರ್ದೀನ್. ದರಿಯಲ್ಲಿ ಅದೇ ತಿಂಗಳು ಹಮಲ್, ಮುಂದಿನದು ಸೌರ್. ಹಮಲ್ ಎಂದರೆ ಮೇಷ, ಸೌರ್ ಎಂದರೆ ವೃಷಭ. ಪಂಚಾಂಗ ನೋಡಿ ಬೆಳೆದ ಮಕ್ಕಳಿಗೆ ಹನ್ನೆರಡೂ ಬೇಗ ಬಾಯಿಗೆ ಬರುತ್ತವೆ. ತಾಜಿಕಿಯಲ್ಲಿ ರಷ್ಯನ್ ಗಾಳಿ: ಯನ್ವರ್, ಫೆವ್ರಲ್.

ಒಂದೇ ಸುದ್ದಿಯನ್ನು ಮೂರು ಬಾಯಲ್ಲಿ

ಪಾಠದ ತಿರುಳು ಇದೇ, ವಾರಗಟ್ಟಲೆ ಹಿಡಿದರೂ ಹಿಡಿಯಲಿ. ಮಾರ್ಚ್ 21ರ ಸುಮಾರಿನ ನವ್ರೂಜ್, ಅಂದರೆ ಹೊಸವರ್ಷದ ಹಬ್ಬದ, ಸುದ್ದಿ ಇದಕ್ಕೆ ಹೇಳಿ ಮಾಡಿಸಿದ್ದು. ಹಬ್ಬ ಒಂದೇ, ಅಡುಗೆ ಬೇರೆ. ಇರಾನಿನ ವರದಿಗಾರ ‘ಸೀನ್’ (ಸ) ಅಕ್ಷರದಿಂದ ಶುರುವಾಗುವ ಏಳು ವಸ್ತುಗಳ ಮೇಜು ತೋರಿಸುತ್ತಾನೆ, ಕಾಬೂಲಿನವನು ನೀರಲ್ಲಿ ನೆನೆಹಾಕಿದ ಏಳು ಬಗೆಯ ಒಣಹಣ್ಣು, ತಾಜಿಕಿಸ್ತಾನದ ರಾಜಧಾನಿ ದುಶಾಂಬೆಯವನು ಮೊಳಕೆ ಗೋಧಿಯನ್ನು ದೊಡ್ಡ ಕಡಾಯಿಯಲ್ಲಿ ಗೊಟಾಯಿಸುವುದು.

ಕೇಳುತ್ತ ಹೋದಂತೆ ಬೋರ್ಡಿನ ಮೇಲೆ ಫಾರ್ಸಿ, ದರಿ, ತಾಜಿಕಿ ಎಂದು ಮೂರು ಕಾಲಂ ಎಳೆಯಿರಿ. ಮನೆ: ಖಾನೆ, ಖಾನಾ, ಖೋನಾ. ಆಸ್ಪತ್ರೆ: ಬೀಮಾರೆಸ್ತಾನ್, ಶಫಾಖಾನಾ, ಬೇಮೋರ್‌ಖೋನಾ. ಸೈಕಲ್: ದೊಚರ್ಖೆ, ಬಾಯ್ಸಿಕಲ್, ವೆಲೊಸಿಪೇಡ್. ಎರಡು ವಾರದಲ್ಲಿ ಮಕ್ಕಳೇ ಸೂತ್ರ ಕಟ್ಟುತ್ತಾರೆ: ಉಳಿದಿಬ್ಬರ ‘ಆ’ ತಾಜಿಕಿಯಲ್ಲಿ ‘ಓ’ ಆಗುತ್ತದೆ, ಆಜಾದಿ ಒಜೋದಿ ಆದ ಹಾಗೆ. ಸಿಂಹಕ್ಕೂ ಹಾಲಿಗೂ ತೆಹ್ರಾನಿನಲ್ಲಿ ಒಂದೇ ‘ಶೀರ್’. ಕಾಬೂಲಿನಲ್ಲಿ ಸಿಂಹ ‘ಶೇರ್’, ಹಾಲು ‘ಶೀರ್’. ಉರ್ದು ಬಲ್ಲ ಕಲಬುರಗಿ, ಬೀದರ್ ಕಡೆಯವರಿಗೆ ದರಿ ಸಲೀಸು ಅನಿಸುವುದು ಇಂಥ ಕಡೆಗಳಲ್ಲೇ.

ಸಿರಿಲಿಕ್ ಎಂಬ ಊರುಗೋಲು

ಅರಬ್ಬಿ ಮೂಲದ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹೊಸಬರು ಅಲ್ಲೇ ಮುಗ್ಗರಿಸುವುದು. ತಾಜಿಕಿಯನ್ನು 1940ರ ಹೊತ್ತಿನಿಂದ ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ ಬರೆಯುತ್ತಾರೆ, ಅದರಲ್ಲಿ ಸ್ವರಗಳೆಲ್ಲ ಕಾಣುತ್ತವೆ. ಅನುಮಾನದ ಪದವನ್ನು ತಾಜಿಕಿ ಸುದ್ದಿಯಲ್ಲಿ ಹುಡುಕಿ ನೋಡುವ ಅಭ್ಯಾಸ ಮಾಡಿಸಿ. ಲಿಪಿ ಕಲಿಯಲು ಒಂದು ವಾರಾಂತ್ಯ ಸಾಕು.

ಬೀದಿಗೆ ಇಳಿಸುವುದು

ಕೊನೆಗೆ ಜನರ ಮುಂದೆ ಮೈಕ್ ಹಿಡಿದ ತುಣುಕುಗಳು. ಬೆಲೆ ಏರಿಕೆಯ ವರದಿಯಾದರೆ ಇನ್ನೂ ಒಳ್ಳೆಯದು. ಸ್ಟುಡಿಯೊದಲ್ಲಿ ‘ನಾನ್’ ಆಗಿದ್ದ ರೊಟ್ಟಿ ತೆಹ್ರಾನಿನ ಬೀದಿಯಲ್ಲಿ ‘ನೂನ್’ ಆಗುತ್ತದೆ, ‘ಖಾನೆ’ ‘ಖೂನೆ’ಯಾಗುತ್ತದೆ. ಕಾಬೂಲಿನ ಬೀದಿಯಲ್ಲಿ ‘ನಾನ್’ ‘ನಾನ್’ ಆಗಿಯೇ ಉಳಿಯುತ್ತದೆ. ಇರಾನಿನಲ್ಲಿ ದುಡ್ಡಿನ ಲೆಕ್ಕವೂ ಬದಲಾಗುತ್ತದೆ: ವಾರ್ತೆಯ ರಿಯಾಲ್ ಜನರ ಬಾಯಲ್ಲಿ ತೊಮಾನ್, 10 ರಿಯಾಲಿಗೆ ಒಂದು ತೊಮಾನ್. ಸಾಲದ್ದಕ್ಕೆ ‘ಸಾವಿರ’ವನ್ನು ನುಂಗಿಬಿಡುತ್ತಾರೆ, 50 ತೊಮಾನ್ ಎಂದವನು 50 ಸಾವಿರದ ಮಾತಾಡುತ್ತಿರಬಹುದು. ಬೀದಿಯ ಮಾತನ್ನು ವಾರ್ತೆಯ ಭಾಷೆಗೆ ತಿರುಗಿಸಿ ಬರೆಯುವುದನ್ನು ಮನೆಕೆಲಸವಾಗಿ ಕೊಡಿ.

ಹೆರಾತಿನವರ ಸಂದರ್ಶನ ಸಿಕ್ಕರೆ ಬಿಡಬೇಡಿ. ಆ ಊರು ಇರುವುದು ಅಫ್ಗಾನಿಸ್ತಾನದಲ್ಲಿ, ಮಾತಿನ ನಂಟು ಮಾತ್ರ ಗಡಿಯಾಚೆ ಇರಾನಿನ ಮಶ್ಹದ್ ಕಡೆಗೆ. ಬೋರ್ಡಿನ ಯಾವ ಕಾಲಂಗೆ ಸೇರಿಸುವುದೆಂದು ತರಗತಿ ಜಗಳಕ್ಕಿಳಿದರೆ ಅವತ್ತು ಬೇರೆ ಪಾಠ ಮಾಡಬೇಡಿ.